ಸೋಮವಾರ ಹೇಳ್ತೀನಿ ಎಂದ ಮೇಷ್ಟ್ರು

ವಿದ್ಯಾದಾನಕ್ಕಿಂತ ದೊಡ್ಡ ದಾನ ಇನ್ನೊಂದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಬಿದಿರು ತಟ್ಟಿಯ ಈಚೆ ಕೂತು, ಆಚೆ ಇನ್ನೊಬ್ಬ ಆ ದಾನ ಮಾಡುವುದನ್ನು ಎರಡು ವರ್ಷ ಕೇಳಿಸಿಕೊಳ್ಳುವ ಪ್ರಸಂಗ ಆ ಹಿರಿಯರಿಗೆ ಬಂದಿರಲಿಲ್ಲವೆಂದು ಕಾಣುತ್ತದೆ.

ಇದನ್ನೆಲ್ಲ ಕೆದಕಿದ್ದು ಒಂದು ತೆಂಗಿನಕಾಯಿ. ಕಳೆದ ವಾರ ತಂಗಿಯ ಮನೆಯಿಂದ ಒಂದು ಚೀಲ ಕಾಯಿ ಬಂತು. ವರ್ಷಕಾಲ ಅಟ್ಟದ ಮೇಲಿದ್ದು ಒಳಗೊಳಗೇ ಕೊಬ್ಬರಿಯಾದ ಕಾಯಿ. ಚೀಲ ಬಿಚ್ಚಿದೊಡನೆ ಧೂಳು, ಹೊಗೆ, ಒಂದಿಷ್ಟು ಕಮಟು ಸೇರಿದ ಆ ವಾಸನೆ... ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಅದು ವಾಸನೆಯಲ್ಲ, ಗಾಳಿ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಎಂದಿತು. ಮತ್ತೆ ಅಲ್ಲಾಡಿಸಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಹೆಂಡತಿ ಬಂದು, “ಏನ್ರೀ, ಕಾಯಿ ಕಿವಿಗಿಟ್ಕೊಂಡು ಯಾರ ಹತ್ರ ಮಾತಾಡ್ತಿದ್ದೀರಿ?” ಎಂದಳು.

ಯಾರ ಹತ್ತಿರವೂ ಇಲ್ಲ ಎಂದೆ. ನಿಜ ಹೇಳಬೇಕೆಂದರೆ ಆ ವಿಜ್ಞಾನದ ಮೇಷ್ಟ್ರ ಹತ್ತಿರ ಜಗಳವಾಡುತ್ತಿದ್ದೆ.

ತೊಂಬತ್ತರ ದಶಕದ ಮಾತು. ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ಹಾದಿಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದೆ. ದಿನಾ ಅರಸೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಪಾಠಕ್ಕೆ ಒಂದು ಕ್ರಮವಿತ್ತು. ಯಾವುದೇ ಪ್ರಮೇಯವಾಗಲಿ, ನಾಲ್ಕು ಭಾಗ: ದತ್ತ, ಸಾಧನೀಯ, ರಚನೆ, ಸಾಧನೆ. ಕೊಟ್ಟದ್ದೇನು, ಸಾಧಿಸಬೇಕಾದ್ದೇನು, ಎಳೆಯಬೇಕಾದ ಗೆರೆ ಯಾವುದು, ಸಾಧಿಸಿದ್ದು ಹೇಗೆ. ಸಾಧನೆಯ ಪ್ರತಿ ಹೆಜ್ಜೆಯ ಪಕ್ಕದಲ್ಲಿ ಕಾರಣ ಬರೆಯಬೇಕು. ಬರೆಯದಿದ್ದರೆ ಎರಡು ಅಂಕ ಕಳೆಯುತ್ತಿದ್ದೆ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ನನ್ನ ತರಗತಿಯಲ್ಲಿ ಸೀಮೆಸುಣ್ಣದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪಾಠಟಿಪ್ಪಣಿಯ ಪುಸ್ತಕವನ್ನು ಕೆಲಸಕ್ಕೆ ಸೇರಿದ ವರ್ಷ ಬರೆದಿದ್ದೆ. ಪ್ರತಿ ಜೂನ್‌ನಲ್ಲಿ ಅದಕ್ಕೆ ಹೊಸ ಕಂದು ರಟ್ಟು ಹಾಕುತ್ತಿದ್ದೆ. ತ್ರಿಭುಜಕ್ಕೆ ಪ್ರತಿ ವರ್ಷ ಹೊಸ ಕೋನ ಮೂಡುವುದಿಲ್ಲವಷ್ಟೆ.

ಇಂಥ ಶಾಂತಿಯೊಳಗೆ ವಿಜ್ಞಾನ ಕಲಿಸಲು ಆತ ಬಂದ. ಬೇಲೂರಿನ ಕಡೆಯವನು, ಮದುವೆಯಾಗಿರಲಿಲ್ಲ, ಹಳೇಬೀಡಿನಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಒಂಬತ್ತನೇ ತರಗತಿಯ ಎರಡು ವಿಭಾಗಗಳ ನಡುವೆ ಗೋಡೆಯಿರಲಿಲ್ಲ, ತಟ್ಟಿ ಇತ್ತು. ಆಚೆ ಆತ, ಈಚೆ ನಾನು.

ಆತ ಪಾಠ ಮಾಡುತ್ತಿರಲಿಲ್ಲ, ಪಾಠ ಆತನ ಮೈಮೇಲೆ ಬರುತ್ತಿತ್ತು. ಬೆಳಕು ಹೇಗೆ ಬಾಗುತ್ತದೆಂದು ತೋರಿಸಲು ತಾನೇ ಬಾಗುತ್ತಿದ್ದ. ಅಣುಗಳು ಡಿಕ್ಕಿ ಹೊಡೆಯುವುದನ್ನು ತೋರಿಸಲು ಮಕ್ಕಳನ್ನೇ ಡಿಕ್ಕಿ ಹೊಡೆಸುತ್ತಿದ್ದ. ಒಂದು ಅಣು ಒಮ್ಮೆ ತಟ್ಟಿ ತೂರಿಕೊಂಡು ನನ್ನ ಪ್ರಮೇಯದ ಮೇಲೆ ಬಿತ್ತು. ಮಕ್ಕಳು ನಗುತ್ತಿದ್ದರು. ಅದನ್ನು ಸಹಿಸಿಕೊಂಡೇನು. ಅವರಿಗಿಂತ ಜೋರಾಗಿ ಆತ ನಗುತ್ತಿದ್ದ. ಸಂಬಳ ತೆಗೆದುಕೊಂಡು ಅಷ್ಟು ಸಂತೋಷವಾಗಿರುವುದು ಸರ್ಕಾರಿ ನಿಯಮಗಳಿಗೆ ವಿರುದ್ಧವೆಂದು ನನಗೆ ತೋರಿತ್ತು.

ಒಂದು ಸಲ ಕೇಳಿಯೂ ನೋಡಿದೆ. “ಏನಪ್ಪಾ, ಸ್ವಲ್ಪ ಮೆಲ್ಲಗೆ ಪಾಠ ಮಾಡೋಕಾಗಲ್ವೇ?”

“ಮೆಲ್ಲಗೆ ಮಾಡಿದ್ರೆ ನಂಗೇ ನಿದ್ದೆ ಬತ್ತದೆ ಸಾರ್,” ಎಂದ. ನನ್ನ ತರಗತಿಯ ಕಡೆ ನೋಡಿ ಹೇಳಿದನೋ, ಹಾಗೇ ಹೇಳಿದನೋ... ನಾನಂತೂ ನನ್ನ ಕಡೆ ನೋಡಿಯೇ ಹೇಳಿದ ಎಂದು ಇಟ್ಟುಕೊಂಡೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ, ಅಷ್ಟರಲ್ಲಿ ವಿಷಯ ಪರಿವೀಕ್ಷಕರು ತಪಾಸಣೆಗೆ ಬಂದರು. ಪರಿವೀಕ್ಷಕರ ಮುಂದೆ ಮಾಡಲು ನನ್ನ ಹತ್ತಿರ ಒಂದು ಮಾದರಿ ಪಾಠವಿತ್ತು. ತ್ರಿಭುಜದ ಮೂರು ಕೋನಗಳ ಮೊತ್ತ ನೂರ ಎಂಬತ್ತು ಡಿಗ್ರಿ. ಯಾವ ಪ್ರಶ್ನೆಗೆ ಯಾವ ಮಗು ಎದ್ದು ಏನು ಹೇಳಬೇಕೆಂಬುದು ವಾರದ ಮುಂಚೆಯೇ ನಿಗದಿಯಾಗಿರುತ್ತಿತ್ತು. ಎಂಟು ಹತ್ತು ಪರಿವೀಕ್ಷಕರು ಆ ಪಾಠ ನೋಡಿ, ತಲೆದೂಗಿ, ಎಳನೀರು ಕುಡಿದು ಹೋಗಿದ್ದರು. ಆವತ್ತು ಎರಡೂ ವಿಭಾಗಗಳನ್ನು ಒಂದೇ ಕಡೆ ಕೂರಿಸಿದ್ದೆವು. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದೆ. ಆಚೆ ವಿಭಾಗದ ಒಬ್ಬ ಹುಡುಗಿ ಎದ್ದಳು. ಹುಲಿಕೆರೆಯಿಂದ ನಡೆದು ಬರುತ್ತಿದ್ದ ಮಗು, ಎರಡು ಜಡೆ. ಆಕೆ ಏಳುವುದು ನಿಗದಿಯಾಗಿರಲಿಲ್ಲ.

“ಸಾ, ಆ ಗೆರೆ ಅಲ್ಲೇ ಎಳೀಬೇಕು ಅಂತ ಹೆಂಗ್ ಗೊತ್ತಾಯ್ತು?”

“ಪುಸ್ತಕದಲ್ಲಿದೆ,” ಎಂದೆ.

“ಪುಸ್ತಕ ಬರದೋರ್ಗೆ ಹೆಂಗ್ ಗೊತ್ತಾಯ್ತು ಸಾ?”

ಪರಿವೀಕ್ಷಕರು ಪೆನ್ನು ತೆಗೆದರು. ನಾನು ಬೋರ್ಡು ನೋಡಿದೆ. ಎಷ್ಟೋ ವರ್ಷ ಎಳೆದ ಗೆರೆ ಅದು. ಅಲ್ಲೇ ಯಾಕೆ ಎಂದು ನನಗೂ ಗೊತ್ತಿರಲಿಲ್ಲ... ಹಿಂದಿನ ಬೆಂಚಿನ ಹತ್ತಿರ ನಿಂತಿದ್ದ ವಿಜ್ಞಾನದ ಮೇಷ್ಟ್ರ ಮುಖ ಹಬ್ಬದ ಮನೆಯಂತೆ ಬೆಳಗುತ್ತಿತ್ತು. ಆ ಹುಡುಗಿಯನ್ನು ನಾನು ಅಂದೇ ಕ್ಷಮಿಸಿದೆ. ಆತನನ್ನು ಕ್ಷಮಿಸಲಿಲ್ಲ. ಪರಿವೀಕ್ಷಕರು ವರದಿಯಲ್ಲಿ, ‘ಮಕ್ಕಳು ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ, ಗಣಿತ ಶಿಕ್ಷಕರು ಉತ್ತರಿಸುವುದನ್ನು ರೂಢಿಸಿಕೊಳ್ಳಬೇಕು’ ಎಂದು ಬರೆದು ಹೋದರು. ಎಳನೀರನ್ನು ಮಾತ್ರ ಬಿಡಲಿಲ್ಲ.

ನಮ್ಮ ಇಲಾಖೆಯಲ್ಲಿ ಇಂಥ ನೋವಿಗೆ ಒಂದು ಔಷಧಿ ಇದೆ, ಮೂಗರ್ಜಿ. ಹೆಸರಿಲ್ಲದ ಅರ್ಜಿ, ಆದರೆ ಹೆಸರಿರುವ ಅರ್ಜಿಗಿಂತ ಬೇಗ ಓಡುತ್ತದೆ. ಒಂದು ಭಾನುವಾರ ಕೂತು ಬರೆದೆ. ಅಕ್ಷರ ಸಿಕ್ಕಿಬೀಳಬಾರದೆಂದು ಎಡಗೈಯಲ್ಲಿ ಬರೆದೆ. ಕೆಳಗೆ ‘ನೊಂದ ಪೋಷಕರು’ ಎಂದು ಹಾಕಿದೆ. ಊರೊಳಗಿನ ಅಂಚೆ ಡಬ್ಬಿ ಬೇಡವೆಂದು ಅರಸೀಕೆರೆ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಅಲ್ಲಿಯ ಡಬ್ಬಿಗೆ ಹಾಕಿದೆ. ಇಷ್ಟು ಎಚ್ಚರಿಕೆಯನ್ನು ನಾನು ಯಾವ ಪಾಠಕ್ಕೂ ವಹಿಸಿರಲಿಲ್ಲ.

ಆಮೇಲೆ ಎರಡು ತಿಂಗಳು ಏನೂ ಆಗಲಿಲ್ಲ. ಸಂಕ್ರಾಂತಿ ಕಳೆಯಿತು.

ಒಂದು ಗುರುವಾರ ಆತ ತರಗತಿಗೆ ಒಂದು ತೆಂಗಿನಕಾಯಿ ತಂದ. ತಟ್ಟಿಯ ಸಂದಿನಿಂದ ಕಾಣುತ್ತಿತ್ತು. ನಾನು ನೋಡಲಿಲ್ಲ, ಕಾಣುತ್ತಿತ್ತು ಅಷ್ಟೆ. ಒಬ್ಬೊಬ್ಬರ ಕಿವಿಯ ಹತ್ತಿರವೂ ಅಲ್ಲಾಡಿಸಿದ.

“ಏನ್ ಕೇಳ್ತು?”

“ಗಿಟುಕು ಸಾ!”

“ನೀರ್ ಕೇಳ್ತಾ?”

“ಇಲ್ಲಾ ಸಾ!”

“ಅಟ್ಟಕ್ಕೆ ಹಾಕ್ದಾಗ ನೀರಿತ್ತು ತಾನೇ? ಈಗ್ಲೂ ಕಾಯಿ ಒಡೆದಿಲ್ಲ, ತೂತು ಬಿದ್ದಿಲ್ಲ. ಹಂಗಾರೆ ಒಳಗಿದ್ದ ನೀರು ಎಲ್ಲಿಗ್ ಹೋಯ್ತು ಕಣ್ರಲಾ?”

ತರಗತಿ ಮೌನವಾಯಿತು. ಎರಡು ವರ್ಷದಲ್ಲಿ ತಟ್ಟಿಯ ಆಚೆ ನಾನು ಕೇಳಿದ ಮೊದಲ ಮೌನ. ಹುಟ್ಟಿದಂದಿನಿಂದ ಕೊಬ್ಬರಿಯ ನಡುವೆ ಬೆಳೆದ ಮಕ್ಕಳು, ಒಬ್ಬರೂ ಅದನ್ನು ಯೋಚಿಸಿರಲಿಲ್ಲ. ಈಚೆ ನನ್ನ ಸೀಮೆಸುಣ್ಣವೂ ನಿಂತಿತ್ತು. ಸಾಧನೆಯ ಒಂದು ಹೆಜ್ಜೆ ಬಿಟ್ಟೇ ಮುಂದಕ್ಕೆ ಹೋಗಿದ್ದೆ ಎಂದು ಆಮೇಲೆ ತಿಳಿಯಿತು. ಮಕ್ಕಳು ಅದನ್ನೂ ಹಾಗೆಯೇ ಬರೆದುಕೊಂಡಿದ್ದರು.

“ನೀವೇ ಹೇಳಿ ಸಾ,” ಎಂದಳು ಆ ಹುಡುಗಿ.

“ಈಗ ಹೇಳಾಕಿಲ್ಲ. ಮನೇಲಿ ಅಜ್ಜಿ ತಾತನ್ನೆಲ್ಲ ಕೇಳ್ಕಂಡ್ ಬನ್ನಿ. ಸೋಮವಾರ ಹೇಳ್ತೀನಿ.”

ಶನಿವಾರ ಆದೇಶ ಬಂತು. ಆತನನ್ನು ಜಿಲ್ಲೆಯ ಇನ್ನೊಂದು ಮೂಲೆಯ ಶಾಲೆಗೆ ನಿಯೋಜಿಸಿ, ಅಂದೇ ಬಿಡುಗಡೆ ಮಾಡಬೇಕೆಂದು. ಆದೇಶದ ಜೊತೆ ಮೂಗರ್ಜಿಯ ನಕಲನ್ನೂ ಪಿನ್ನು ಹಾಕಿ ಕಳಿಸಿದ್ದರು. ಹೆಡ್ಮಾಸ್ತರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು.

‘ದತ್ತ: ಸದರಿ ಶಾಲೆಯಲ್ಲಿ ಓರ್ವ ವಿಜ್ಞಾನ ಶಿಕ್ಷಕರು ಇರುತ್ತಾರೆ. ಸಾಧನೀಯ: ಅವರು ಸದರಿ ಶಾಲೆಗೆ ತಕ್ಕವರಲ್ಲ. ಸಾಧನೆ: ಒಂದು, ಅವರ ತರಗತಿಯಲ್ಲಿ ಗಲಾಟೆ ಇರುತ್ತದೆ (ಎಲ್ಲರೂ ಕೇಳಿರುವುದರಿಂದ). ಎರಡು, ಅವರು ಪಾಠಟಿಪ್ಪಣಿ ಬರೆಯುವುದಿಲ್ಲ (ಪುಸ್ತಕ ಖಾಲಿ ಇರುವುದರಿಂದ). ಮೂರು, ಮಕ್ಕಳನ್ನು ಹುಲಿಕೆರೆಯ ಹಳೆಯ ಮೆಟ್ಟಿಲು ಕೊಳಕ್ಕೆ ಕರೆದೊಯ್ದು ಪ್ರಾಣಾಪಾಯ ಉಂಟುಮಾಡಿರುತ್ತಾರೆ. ಇದೇ ಸಾಧಿಸಬೇಕಾಗಿದ್ದುದು.’

ನನ್ನಾಣೆ, ಬರೆಯುವಾಗ ನನಗೆ ಅದು ಹೊಳೆದೇ ಇರಲಿಲ್ಲ. ಕೈ ಬದಲಾಯಿಸಿದ್ದೆ, ಬುದ್ಧಿ ಬದಲಾಯಿಸಲು ಮರೆತಿದ್ದೆ.

ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಪೋಷಕರು ರೇಖಾಗಣಿತ ಚೆನ್ನಾಗಿ ಓದ್ಕೊಂಡಿದ್ದಾರೆ ಕಣ್ರೀ ಮೇಷ್ಟ್ರೇ,” ಎಂದರು ನನ್ನತ್ತ ತಿರುಗಿ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಂದು ಮಧ್ಯಾಹ್ನ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಆತ ಟ್ರಂಕಿನ ಮೇಲೆ ಕೂತಿದ್ದ. ನಾನು ಕಂಬದ ಮರೆಗೆ ಸರಿದೆ. ಆತನೇ ಎದ್ದು ಬಂದ. ನಗುತ್ತಿರಲಿಲ್ಲ.

“ಮೂರನೇ ಹೆಜ್ಜೆಗೆ ಕಾರಣ ಬರದಿಲ್ಲ ನೀವು. ನಿಮ್ ಹುಡುಗ್ರು ಹಿಂಗ್ ಬರದಿದ್ರೆ ಎರಡು ಮಾರ್ಕ್ಸ್ ಕಳೀತಿದ್ರಿ.”

“ನೀನು ಏನು ಮಾತಾಡ್ತಿದ್ದೀಯ ಅಂತ ನನಗೆ ಗೊತ್ತಾಗ್ತಿಲ್ಲ,” ಎಂದೆ.

“ಆವತ್ತು ಕೊಳದಾಗೆ ಮೊಣಕಾಲುದ್ದ ನೀರೂ ಇರ್ಲಿಲ್ಲ. ಮೆಟ್ಲು ಎಣ್ಸಿ ಲೆಕ್ಕ ಕಲಿಸ್ತಿದ್ದೆ ಸಾರ್. ನಿಮ್ ಸಬ್ಜೆಕ್ಟೇ.” ಬಸ್ಸು ಬರುವ ದಾರಿಯತ್ತ ತಿರುಗಿದ. “ನನ್ ಪ್ರೊಬೇಷನ್ ಮುಗಿಯಾಕೆ ಎರಡೇ ತಿಂಗ್ಳಿತ್ತು. ಇನ್ನು ಈ ಕಾಗ್ದ ನನ್ ಹಿಂದ್ಹಿಂದೇ ಬತ್ತದೆ. ಧೈರ್ಯ ಇದ್ದಿದ್ರೆ ಬಲಗೈಲೇ ಬರೀತಿದ್ರಿ.”

ನಾನು ಬಾಯಿ ತೆರೆದೆ. ಏನೋ ಕೇಳಬೇಕೆಂದಿದ್ದೆ... ಕ್ಷಮೆಯಲ್ಲ, ಅಷ್ಟು ದೊಡ್ಡವನಲ್ಲ ನಾನು. ಆ ನೀರು ಎಲ್ಲಿಗೆ ಹೋಯಿತೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬೇಲೂರಿನ ಬಸ್ಸು ಬಂತು. ಟ್ರಂಕನ್ನು ಆತನೇ ಎತ್ತಿ ಮೇಲಕ್ಕೆ ಹಾಕಿ ಹತ್ತಿದ. ನಾನು ಕೈ ಹಾಕಲಿಲ್ಲ.

ಸೋಮವಾರ ಹೆಡ್ಮಾಸ್ತರು ಕರೆದು, “ಬದಲಿ ಯಾರನ್ನೂ ಕೊಟ್ಟಿಲ್ಲ ಮೇಷ್ಟ್ರೇ. ಸಾಧಿಸಿಬಿಟ್ರಲ್ಲ, ಇನ್ನು ವಿಜ್ಞಾನಾನೂ ನೀವೇ ತಗೊಳ್ಳಿ,” ಎಂದರು. ಮೊದಲ ಬಾರಿಗೆ ವಿಜ್ಞಾನದ ಪಾಠಕ್ಕೆಂದು ತಟ್ಟಿಯ ಆಚೆಗೆ ಹೋದೆ. ಮೇಜಿನ ಮೇಲೆ ಆ ಕಾಯಿ ಹಾಗೇ ಇತ್ತು. ಹಾಜರಿ ಪುಸ್ತಕ ಇಡಲು ಅದನ್ನು ಪಕ್ಕಕ್ಕೆ ಸರಿಸಿದೆ. ಗಡಗಡ ಎಂದಿತು. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಆ ಹುಡುಗಿ ಎದ್ದಳು.

“ಸಾ, ಇವತ್ತು ಸೋಮ್ವಾರ.”

“ಗೊತ್ತು.”

“ನೀರು ಎಲ್ಲಿಗ್ ಹೋಯ್ತು ಅಂತ ಹೇಳ್ತೀನಿ ಅಂದಿದ್ರು ಆ ಸಾರು. ನಮ್ಮಜ್ಜಿ ಅಂದ್ರು, ಕಾಯೇ ಕುಡ್ಕಂಡೈತೆ ಅಂತ. ಹೌದಾ ಸಾ?”

“ಅದು ಸಿಲಬಸ್‌ನಲ್ಲಿಲ್ಲ. ಪುಸ್ತಕ ತೆಗಿ,” ಎಂದೆ. ಆಕೆ ಕೂತಳು.

ಆತ ಈಗ ಎಲ್ಲಿದ್ದಾನೋ, ಮೇಷ್ಟ್ರಾಗಿಯೇ ಉಳಿದನೋ, ಗೊತ್ತಿಲ್ಲ. ಕಾಲ ಕಳೆದಂತೆ ಎಲ್ಲರ ಮೇಲೂ ಪ್ರೀತಿ ಬರುತ್ತದೆ ಎನ್ನುತ್ತಾರೆ. ನನಗೆ ಬಂದಿಲ್ಲ. ಈಗ ಸಿಕ್ಕರೂ ಮೊದಲ ಮಾತು ಆ ಗಲಾಟೆಯದೇ ಆಗುತ್ತದೆ. ಕಾಯಿಯ ನೀರಿನ ವಿಷಯ ಯಾರನ್ನಾದರೂ ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ. ನನಗೆ ಬೇಕಿದ್ದುದು ಆ ಸೋಮವಾರದ ಪಾಠ, ತಟ್ಟಿಯ ಸಂದಿನಿಂದ... ಅದನ್ನು ನಾನೇ ರೈಲ್ವೆ ಸ್ಟೇಷನ್ನಿನ ಡಬ್ಬಿಗೆ ಹಾಕಿ ಬಂದಿದ್ದೆ. ಹೆಂಡತಿ ನನ್ನ ಕೈಯಿಂದ ಕಾಯಿ ಕಿತ್ತುಕೊಂಡು ಅಡುಗೆಮನೆಗೆ ಹೋದಳು.

ಆ ಹುದ್ದೆಗೆ ಯಾರೂ ಬರಲಿಲ್ಲ. ನಿವೃತ್ತನಾಗುವವರೆಗೆ ತಟ್ಟಿಯ ಎರಡೂ ಕಡೆ ನಾನೇ ಪಾಠ ಮಾಡಿದೆ. ಗಲಾಟೆ ಇರಲಿಲ್ಲ.