ಕಿಡಿ ಬಿದ್ದ ಜಾಗ ಹುಡುಕುವ ವರ್ನಾ

ಬೆಂಕಿ ಆರಿ ಎರಡು ದಿನವಾಗಿದೆ. ಸಾಪಿಟ್ ದಿಬ್ಬದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸ್ತೆಯಂಚಿನ ಕರಿ ನೆಲದಲ್ಲಿ ವರ್ನಾ ಸ್ಟಾಡ್ಲರ್ ಮೊಣಕಾಲೂರಿ ಕೂತಿದ್ದಾಳೆ. ಒಂದೊಂದು ಹುಲ್ಲುಕಡ್ಡಿ ಯಾವ ಕಡೆಗೆ ಒರಗಿದೆ, ಒಂದೊಂದು ಕಲ್ಲಿನ ಯಾವ ಮೈ ಮಸಿಯಾಗಿದೆ ಎಂದು ನೋಡುತ್ತ, ಗುರುತಿಗೆ ಪುಟ್ಟ ಬಾವುಟಗಳನ್ನು ನೆಡುತ್ತ, ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ತೆವಳುತ್ತಾಳೆ.

ಹಾದುಹೋಗುವ ಪಿಕಪ್ ಟ್ರಕ್ಕೊಂದು ನಿಲ್ಲುತ್ತದೆ. ಚಾಲಕ ಕಿಟಕಿಯಿಂದ ಕೇಳುತ್ತಾನೆ: "ಯಾರು ಹಚ್ಚಿದ್ದು ಅಂತ ಊರಿಗೆಲ್ಲ ಗೊತ್ತು. ನೀನೇನು ಹುಡುಕ್ತಿದೀಯ?"

"ಊರಿಗೆ ಹೇಗೆ ಗೊತ್ತಾಯ್ತು ಅಂತ ಹುಡುಕ್ತಿದೀನಿ," ಎನ್ನುತ್ತಾಳೆ ವರ್ನಾ, ತಲೆಯೆತ್ತದೆ.

ಕ್ಯಾಲಿಫೋರ್ನಿಯಾದ ಈ ಬೆಟ್ಟಸಾಲಿನಲ್ಲಿ ಕಾಡು ಹೊತ್ತಿದಾಗ ನೀರು ಹಿಡಿದು ನಿಂತವರ ಫೋಟೋ ಎಲ್ಲರೂ ನೋಡುತ್ತಾರೆ. ಅವರು ಹೋದ ಮೇಲೆ, ಬೆಂಕಿ ಎಲ್ಲಿ ಹೇಗೆ ಹತ್ತಿತು ಎಂದು ತನಿಖೆ ಮಾಡಲು ಬರುವವಳು ವರ್ನಾ. ಮೊದಲು ಅವಳೂ ಬೆಂಕಿ ಆರಿಸುವ ತಂಡದಲ್ಲೇ ಇದ್ದಳು. ಸುಟ್ಟ ಮರವೊಂದು ಉರುಳಿ ಸೊಂಟ ಮುರಿದ ಮೇಲೆ ಈ ಕೆಲಸ. ಸೊಂಟ ಕೂಡಿಕೊಂಡಿತು. ಮದುವೆ ಉಳಿಯಲಿಲ್ಲ. "ಲೈಟರ್ ಎಲ್ಲಿಟ್ಟಿದೀಯ ಅಂತ ದಿನಾ ಕೇಳ್ತಿದ್ದೆ. ಅವನು ಸಿಗರೇಟು ಬಿಟ್ಟು ವರ್ಷ ಆಗಿತ್ತು," ಎಂದು ನಗದೆ ಹೇಳುತ್ತಾಳೆ.

ದಿಬ್ಬದ ಕೆಳಗಿನ ಸಾಪಿಟ್ ಊರಿನಲ್ಲಿ ನಲವತ್ತು ಮನೆ ಸುಟ್ಟುಹೋದವು. ಊರಿನ ಬೆರಳು ನೆಟ್ಟಗೆ ಡಾರೆಲ್ ಪೂಲ್‌ನತ್ತ ತಿರುಗಿತು. ಹೊಳೆಯ ಪಕ್ಕ ಹಳೆಯ ವ್ಯಾನಿನಲ್ಲಿ ವಾಸ, ಯಾರ ಜೊತೆಗೂ ಮಾತಿಲ್ಲ. ಬೆಂಕಿಯ ಮರುದಿನವೇ ಯಾರೋ ಅವನ ವ್ಯಾನಿನ ನಾಲ್ಕೂ ಟೈರು ಸೀಳಿದರು. ಉಳಿದವರು ಬೊಟ್ಟು ಮಾಡಿದ್ದು ದಿಬ್ಬದ ಮೇಲೆ ಹಾದಿರುವ ವಿದ್ಯುತ್ ತಂತಿಯನ್ನು. ಮನೆ ಕಳೆದುಕೊಂಡವರಿಗೆ ತಂತಿಯೇ ತಪ್ಪಿತಸ್ಥ ಆಗಬೇಕಿತ್ತು. ವಿದ್ಯುತ್ ಕಂಪನಿಯಾದರೆ ಪರಿಹಾರ ಕೊಡುತ್ತದೆ, ಡಾರೆಲ್ ಏನು ಕೊಟ್ಟಾನು? ಕಂಪನಿಯ ಮನುಷ್ಯನೊಬ್ಬ ಕಾಫಿಯ ಲೋಟ ಹಿಡಿದು ವರ್ನಾಳ ಹಿಂದೆಯೇ ಸುಳಿದಾಡುತ್ತಿದ್ದ. ಅವಳು ಆ ಕಾಫಿ ಮುಟ್ಟಲಿಲ್ಲ.

ತಂತಿಯ ಮೇಲೆ ಸುಟ್ಟ ಕಲೆ ಇರಲಿಲ್ಲ, ಕೆಳಗೆ ಕರಗಿದ ಲೋಹದ ಹನಿಯೂ ಇರಲಿಲ್ಲ. ಅದನ್ನು ನಂಬದೆ ಅವಳು ಮತ್ತೆರಡು ಸಲ ಹುಡುಕಿದಳು. ಬಾವುಟಗಳ ಸಾಲು ಹೊಳೆಯ ಕಡೆಗೂ ಹೋಗಲಿಲ್ಲ. ರಸ್ತೆ ಬದಿಯ ಒಂದು ಬೇಲಿಗೂಟದ ಹತ್ತಿರ ಬಂದು ನಿಂತಿತು. ಗೂಟದ ಈಚೆಗೆ ಯಂತ್ರದಲ್ಲಿ ಕತ್ತರಿಸಿದ ಹುಲ್ಲಿನ ಮೋಟು. ಆಚೆಗೆ ಕತ್ತರಿಸಿಯೇ ಇಲ್ಲ. ನಡುವೆ ಒಂದು ಕಲ್ಲು, ಅದರ ನೆತ್ತಿಯಲ್ಲಿ ಹೊಸ ಬಿಳಿ ಗಾಯ. ಮಣ್ಣಿನ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರು ಅಂಟಿಕೊಂಡು ಬಂತು.

ಆ ಅಂಚಿನಲ್ಲಿ ಹುಲ್ಲು ಕತ್ತರಿಸಿದ್ದು ಎವರೆಟ್ ಲುಂಡ್. ಇಡೀ ಊರನ್ನು ಶಾಲೆಗೆ ಹೊತ್ತೊಯ್ದ ಬಸ್ಸಿನ ನಿವೃತ್ತ ಚಾಲಕ. ಅವನ ಮನೆಯೂ ಹೋಗಿತ್ತು. ಚರ್ಚಿನ ಹಾಲ್‌ನಲ್ಲಿ ಮಡಚುವ ಮಂಚದ ಮೇಲೆ ಕೂತಿದ್ದವನು ವರ್ನಾಳನ್ನು ಕಂಡೊಡನೆ ಅಂದ, "ನಾನೇ ಕಣಮ್ಮ. ಬೆರಿಲ್ ಮನೆ ಮುಂದಿನ ಹುಲ್ಲು."

ಪಕ್ಕದ ಮನೆಯ ಬೆರಿಲ್‌ಗೆ ಎಂಬತ್ತು ದಾಟಿದೆ. ಹುಲ್ಲು ತೆಗೆಸದಿದ್ದರೆ ದಂಡ ಎಂದು ಅಧಿಕಾರಿಗಳು ಅವಳ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಅವಳ ಬದಲು ಎವರೆಟ್ ಕತ್ತರಿಸಿಕೊಟ್ಟಿದ್ದ.

ಇಷ್ಟು ಬೇಗ ಒಪ್ಪಿಕೊಂಡದ್ದೇ ವರ್ನಾಳಿಗೆ ಸಂಶಯ. ಮುದುಕ ಯಾರನ್ನೋ ಕಾಪಾಡುತ್ತಿದ್ದಾನೆಯೇ? "ಎಲ್ಲಿ ನಿಲ್ಲಿಸಿದ್ರಿ?" ಎಂದು ಕೇಳಿದಳು.

"ಓಕ್ ಮರ ದಾಟಿ ಬೇಲಿಗೂಟದ ಹತ್ರ. ಅಲಗು ಕಲ್ಲಿಗೆ ಬಡಿದು ಕೈಯೆಲ್ಲ ಝುಂ ಅಂತು. ತಿರುಗಿ ನೋಡೋಷ್ಟರಲ್ಲಿ ಹೊಗೆ. ಜಾಕೆಟ್ ತೆಗೆದು ಬಡಿದೆ. ಗಾಳಿ ಬಿಡಲಿಲ್ಲ."

"ಯಂತ್ರ ತೋರಿಸಿ."

ಅದು ಅವನ ಟ್ರಕ್ಕಿನಲ್ಲೇ ಇತ್ತು. ಅವಳು ತಿರುಗಿಸಿ ನೋಡಿದಳು. ಅಲಗಿನಲ್ಲಿ ಹೊಸದಾಗಿ ಹಲ್ಲು ಮುರಿದಂಥ ಗುರುತು. ಆಗಷ್ಟೇ ನಂಬಿದಳು.

"ಡಾರೆಲ್‌ನ ಟೈರು ಯಾರೋ ಸೀಳಿದ್ದು ಗೊತ್ತಿತ್ತಲ್ಲ ನಿಮಗೆ? ಯಾಕೆ ಬಾಯಿ ಬಿಡಲಿಲ್ಲ?"

ಎವರೆಟ್ ಅಂಗೈ ನೋಡಿಕೊಂಡ. "ಎಲ್ಲರೂ ಬಂದು ಬಂದು ನನಗೆ ಸೂಪ್ ಕೊಡ್ತಿದ್ರು. ತಗೊಂಡ ಮೇಲೆ ಹೇಗೆ ಹೇಳೋದು?"

ವರ್ನಾ ಇದ್ದದ್ದನ್ನು ಇದ್ದಂತೆ ಬರೆದಳು. ಜೊತೆಗೆ ಇನ್ನೂ ಕೆಲವು ಮಾತು ಸೇರಿಸಿದಳು: ದಿಬ್ಬದ ಪೊದೆ ತೆಗೆದು ದಶಕಗಳೇ ಆಗಿದ್ದವು. ಅಲ್ಲಿದ್ದ ಅಗ್ನಿಶಾಮಕ ಠಾಣೆ ಮುಚ್ಚಿತ್ತು. ಹುಲ್ಲು ಕತ್ತರಿಸಿ ಎಂದ ಚೀಟಿ, ಬಿಸಿಲೇರಿ ಗಾಳಿ ಎದ್ದ ಮೇಲೆ ಕತ್ತರಿಸಬೇಡಿ ಎಂದು ಹೇಳಿರಲಿಲ್ಲ. ಅಚ್ಚಾಗಿ ಬಂದ ವರದಿಯಲ್ಲಿ ಎವರೆಟ್ ಇದ್ದ, ಈ ಮಾತುಗಳು ಇರಲಿಲ್ಲ.

"ಜಾಗ ಸಾಲಲಿಲ್ಲ ಅಂದ್ರು ಇಲಾಖೆಯವರು," ಎನ್ನುತ್ತಾಳೆ. "ಕಿಡಿ ಎವರೆಟ್‌ದು, ನಾನೇ ಹೇಳ್ತೀನಿ. ಆದರೆ ಬೆಂಕಿ ಪೂರ್ತಿ ಎವರೆಟ್‌ದೇ ಅನ್ನೋರು ಸಿಕ್ಕಿದ್ರೆ, ಪೊದೆ ತೆಗೆಸೋದು, ಠಾಣೆ ನಡೆಸೋದು ಯಾರ ಕೈಯಲ್ಲಿತ್ತು ಅಂತ ಮೊದಲು ನೋಡ್ತೀನಿ."

ಎವರೆಟ್ ಮೇಲೆ ಮೊಕದ್ದಮೆ ಆಗಲಿಲ್ಲ. ಊರೇ ಅವನೊಂದಿಗೆ ಮಾತು ಬಿಟ್ಟಿತು; ಬೆರಿಲ್ ಮಾತ್ರ ಈಗಲೂ ಭಾನುವಾರ ಚರ್ಚಿನಲ್ಲಿ ಅವನ ಪಕ್ಕದಲ್ಲೇ ಕೂರುತ್ತಾಳೆ. ವರ್ನಾಳಿಗೂ ಮುಖ ಗಂಟಿಕ್ಕುವವರಿದ್ದಾರೆ. ಉಪಾಹಾರದಂಗಡಿಯ ಜೋಲೀನ್ ಹಳೆಯ ಗೆಳತಿ. ಒಮ್ಮೆ ಎಲ್ಲರೆದುರೇ ಕೇಳಿದಳು: "ತಂತಿ ಅಂತ ಬರೆದಿದ್ರೆ ನಲವತ್ತು ಮನೆ ಏಳ್ತಿತ್ತಲ್ಲೇ. ನಿನ್ನ ಗಂಟೇನು ಹೋಗ್ತಿತ್ತು?"

"ಡಾರೆಲ್ ಅಂತ ಬರೆದಿದ್ರೆ ನಿನ್ನ ಬಾಯಲ್ಲಿ ಈ ಮಾತು ಬರ್ತಿತ್ತಾ?" ಎಂದಳು ವರ್ನಾ. "ನಿನ್ನ ತಮ್ಮನ ಚಾಕು ಯಾರ ಟೈರಿಗೆ ಇಳೀತು ಅಂತ ನಾನು ಕೇಳಿಲ್ಲ. ಕೇಳಿಲ್ಲ ಅಷ್ಟೇ, ಗೊತ್ತಿಲ್ಲ ಅಂತಲ್ಲ."

ಜೋಲೀನ್ ಒಳಗೆ ಹೋಗಿ ತಟ್ಟೆ ತೊಳೆಯತೊಡಗಿದಳು.

ಡಾರೆಲ್‌ಗೆ ವಿಷಯ ತಿಳಿಸಲು ವರ್ನಾ ಹೊಳೆಯ ಬಳಿಗೆ ತಾನೇ ಹೋದಳು. ಅವನು ವ್ಯಾನಿನ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ. ಮತ್ತೊಮ್ಮೆ ಹೇಳಿ ಎಂದ. ಅವಳು ಮತ್ತೊಮ್ಮೆ ಹೇಳಿದಳು.

"ಹಂಗಾದ್ರೆ ನಾನಲ್ಲ?"

"ನೀನಲ್ಲ."

"ಆವತ್ತು ಬೆಳಿಗ್ಗೆ ಬೀನ್ಸ್ ಬಿಸಿ ಮಾಡಿದ್ದೆ ಮೇಡಂ. ಒಲೆ ಆರಿಸಿದ್ನೋ ಇಲ್ವೋ ಅಂತ ಎಷ್ಟು ಯೋಚಿಸಿದ್ರೂ ನೆನಪಾಗ್ತಿರಲಿಲ್ಲ. ಎಲ್ಲರೂ ಹೇಳ್ತಾರಲ್ಲ, ನಾನೇ ಇರಬೇಕು ಅಂದ್ಕೊಂಡಿದ್ದೆ."

ಇಷ್ಟು ವರ್ಷದ ಕೆಲಸದಲ್ಲಿ ಹೆಮ್ಮೆ ಪಡುವಂಥದ್ದೇನಾದರೂ ಇದೆಯೇ ಎಂದರೆ ವರ್ನಾ ಮೊದಲು ಕೇಳಿದವರ ಮುಖವನ್ನೇ ಅನುಮಾನದಿಂದ ನೋಡುತ್ತಾಳೆ. ಆಮೇಲೆ ಹೇಳುತ್ತಾಳೆ: "ಯಾರು ಅಂತ ಕೇಳೋಕೆ ಎಲ್ಲರೂ ಬರ್ತಾರೆ. ನೀನಲ್ಲ ಅಂತ ಒಬ್ಬನ ಎದುರು ನಿಂತು ಹೇಳಿದ್ದು ಅದೊಂದೇ ಸಲ."