ಬಿಡ್ತು ಅನ್ನು

ಇಂಥದ್ದನ್ನೆಲ್ಲ ನಂಬುವವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ಬೆಕ್ಕು ಅಡ್ಡ ಬಂತೆಂದು ಸ್ಕೂಟರ್ ನಿಲ್ಲಿಸುವ ನನ್ನ ಹೆಂಡತಿಯನ್ನಂತೂ ಬಸವೇಶ್ವರನಗರದ ನಮ್ಮ ಬೀದಿಯವರೆಲ್ಲ ಕೇಳುವಂತೆ ಆಡಿಕೊಂಡಿದ್ದೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನನ್ನದು ರಾಜಾಜಿನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಫೋಟೋ ತೆಗೆಯುವ ಕೆಲಸ. ಕಣ್ಣೊಳಗೆ ಗಡ್ಡೆ ಬೆಳೆದ ಪುಟ್ಟ ಮಕ್ಕಳಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಕೈಯ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚುತ್ತಾರೆ. ಅದು ಹರಿದು ಕಣ್ಣಿನ ಹಿಂಭಾಗ ತಲುಪಿದಾಗ ಅಲ್ಲಿನ ರಕ್ತನಾಳಗಳು ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತವೆ. ಗಡ್ಡೆಯ ನಾಳಗಳು ಸಿಕ್ಕುಸಿಕ್ಕಾಗಿ ಸೋರುತ್ತಿರುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಕೆಲವು ತಿಂಗಳ ಹಿಂದೆ ಕೆಂಗೇರಿಯಿಂದ ಗಾನವಿ ಎಂಬ ಮೂರು ವರ್ಷದ ಮಗು ಬಂತು. ಗಡ್ಡೆಯಿಂದಾಗಿ ಅವಳ ಎಡಗಣ್ಣನ್ನು ಆಗಲೇ ತೆಗೆದಾಗಿತ್ತು. ಬಲಗಣ್ಣು ಚೆನ್ನಾಗಿತ್ತು, ಅದೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ತಿಂಗಳಿಗೊಮ್ಮೆ ಪರೀಕ್ಷೆ. ತಾಯಿ ತುಂಬು ಗರ್ಭಿಣಿ, ಹಾಗಾಗಿ ಅಜ್ಜಿ ಕರೆತಂದಿದ್ದರು. ಹೋದ ಕಣ್ಣಿನಲ್ಲಿ ಬಿಳಿ ಹೊಳಪು ಕಂಡಾಗ ಮನೆಯವರು ‘ಹೂ ಬಿದ್ದಿದೆ’ ಎಂದುಕೊಂಡಿದ್ದರಂತೆ. ಆ ಮಾತು ಮಗುವಿನ ಬಾಯಿಗೂ ಬಂದಿತ್ತು.

ಒಳಗೆ ಕರೆದೊಯ್ಯುವ ಮುನ್ನ ಅವಳು ಬಲಗಣ್ಣಿನ ಕೆಳಗೆ, ಮೂಗಿನ ಪಕ್ಕದ ಮೂಲೆಗೆ ಬೆರಳಿಟ್ಟು, “ಅಜ್ಜಿ, ಇಲ್ಲೂ ಹೂ ಐತೆ,” ಎಂದಳು.

“ಬಿಡ್ತು ಅನ್ನು ಮಗ, ಬಿಡ್ತು ಅನ್ನು!” ಅಜ್ಜಿ ಬೆಚ್ಚಿಬಿದ್ದರು. ಮಗು ತುಟಿ ಬಿಚ್ಚಲಿಲ್ಲ.

“ಹೋಗ್ಲಿ ಬಿಡಿ ಅಜ್ಜಿ, ಅವಳ ಬದಲು ನಾನೇ ಹೇಳ್ಲಾ?” ಎಂದು ನಕ್ಕೆ. ಹೇಳಲಿಲ್ಲ.

ಅವತ್ತಿನ ಚಿತ್ರಗಳಲ್ಲಿ ಆ ಮೂಲೆ ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಡಾಕ್ಟರ್ ಮೇಡಂ ಕೂಡ ನೋಡಿ ಸಮಾಧಾನಪಟ್ಟರು. ಮಗು ಅರಿಶಿನ ಕದಡಿದ ಹಾಗೆ ಉಚ್ಚೆ ಹೊಯ್ದದ್ದಕ್ಕೆ ಗಾಬರಿಯಾದ ಅಜ್ಜಿಗೆ, ಅದು ಔಷಧಿಯ ಬಣ್ಣ ಎಂದು ಧೈರ್ಯ ಹೇಳಿ ಕಳಿಸಿದೆವು.

ಮುಂದಿನ ತಿಂಗಳು ಬಣ್ಣ ಹರಿದಾಗ, ಅದೇ ಮೂಲೆಯಲ್ಲಿ, ಸಾಸಿವೆಯಷ್ಟು ಸಿಕ್ಕು ಹೊಳೆಯಿತು. ಮೇಡಂ ಅವರನ್ನು ಪರದೆಯ ಹತ್ತಿರಕ್ಕೆ ಕರೆದೆ. ಹಳೆಯ ಚಿತ್ರಗಳನ್ನು ತೆಗೆದು ಹಿಗ್ಗಿಸಿ ನೋಡಿದೆವು. ಅಲ್ಲಿ ಏನೂ ಇರಲಿಲ್ಲ.

“ಇಂಥ ಮಕ್ಕಳಲ್ಲಿ ಹೊಸದು ಬರುತ್ತೆ ಕಣ್ರೀ. ಬೇಗ ಸಿಕ್ತಲ್ಲ, ಪುಣ್ಯ,” ಎಂದು ಮೇಡಂ ಲೇಸರ್‌ನಿಂದ ಸುಟ್ಟರು. ಬರುತ್ತದೆ, ಒಪ್ಪಿದೆ. ಎಲ್ಲಿ ಬರುತ್ತದೆಂದು ಮಗುವಿಗೆ ಹೇಗೆ ಗೊತ್ತಾಯಿತು? ಕೇಳಲು ನಾಚಿಕೆಯಾಯಿತು.

ನಿನ್ನೆ ಗಾನವಿ ಮತ್ತು ಅಜ್ಜಿಯ ಜೊತೆ ತಾಯಿಯೂ ಬಂದಿದ್ದರು, ಮಡಿಲಲ್ಲಿ ಎಳೆಗೂಸು. ಒಡಹುಟ್ಟಿದವರ ಕಣ್ಣನ್ನೂ ನೋಡುವುದು ನಮ್ಮಲ್ಲಿ ಪದ್ಧತಿ. ಬೆಂಚಿನ ಮೇಲೆ ಕಾಯುತ್ತಿದ್ದಾಗ ಗಾನವಿ ತಮ್ಮನ ಮುಖದ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಎಡಗಣ್ಣಿನ ಹೊರಮೂಲೆಗೆ ಮೆಲ್ಲಗೆ ಬೆರಳಿಟ್ಟು ನನ್ನತ್ತ ತಿರುಗಿದಳು.

“ಅಂಕಲ್, ಪಾಪೂಗೂ ಹೂ.”

ತಾಯಿಯ ಮುಖ ಬಿಳಿಚಿಕೊಂಡಿತು. ಅಜ್ಜಿ ಗಾನವಿಯ ಕೈಯನ್ನು ಸರಕ್ಕನೆ ಹಿಂದಕ್ಕೆಳೆದರು. “ಬಿಡ್ತು,” ಎಂದೆ ನಾನು. ಯಾರೂ ಕೇಳದೆಯೇ, ಗಟ್ಟಿಯಾಗಿ. “ಬಿಡ್ತು, ಬಿಡ್ತು.”

ಕೂಸಿನ ಎರಡೂ ಕಣ್ಣಿನ ಫೋಟೋ ತೆಗೆದೆ. ಆ ಮೂಲೆಯನ್ನು ಮತ್ತೆ ಮತ್ತೆ ತೆಗೆದೆ. ಏನೂ ಇಲ್ಲ ಎಂದು ಮೇಡಂ ಹೇಳಿದಾಗ ತಾಯಿ ಅತ್ತೇಬಿಟ್ಟರು, ಅಜ್ಜಿ ಕೈಮುಗಿದರು. ಮುಂದಿನ ತಿಂಗಳು ಮತ್ತೆ ಬರಲು ಹೇಳಿದ್ದೇವೆ.

ಏನೂ ಇಲ್ಲ, ನಿಜ. ಅವಳ ಕಣ್ಣಿನಲ್ಲೂ ಆಗ ಏನೂ ಇರಲಿಲ್ಲ.