ಪಿಕಪ್ಪಿನ ಎಡಬಾಗಿಲು

ನಮ್ಮತ್ತೆಗೆ ಮರೆವು ಹತ್ತಿದ ಮೇಲೆ ಅವರು ನೆಮ್ಮದಿಯಾಗಿ ಕೂರುತ್ತಿದ್ದುದು ಮಗನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಮಾತ್ರ. ಮನೆಯಲ್ಲಿದ್ದರೆ ಗಳಿಗೆಗೊಮ್ಮೆ ಎದ್ದು, “ನಮ್ಮನೆಗೆ ಹೋಗ್ತೀನಿ” ಎಂದು ಗೇಟು ತೆಗೆಯುತ್ತಿದ್ದರು. ನಾನು ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹತ್ತಬೇಕು. ನಮಗೆ ಮಕ್ಕಳಿರಲಿಲ್ಲ, ಹಗಲು ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ನನ್ನ ಗಂಡ ಅವರನ್ನು ಗಾಡಿಯಲ್ಲಿ ಜೊತೆಗೇ ಕರೆದುಕೊಂಡು ಹೋಗುತ್ತಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಜೆ.ಪಿ. ನಗರ, ಬಿಟಿಎಂ ಕಡೆ ಎಲ್ಲಿ ನೋಡಿದರೂ ಹೊಸ ಮನೆ ಏಳುತ್ತಿತ್ತು. ಬನಶಂಕರಿಯ ಒಂದು ಮರದ ಅಂಗಡಿಯಿಂದ ಆ ಮನೆಗಳಿಗೆ ಬಾಗಿಲು, ಕಿಟಕಿ ಸಾಗಿಸುವುದು ಇವರ ಕೆಲಸ. ಅತ್ತೆ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಾ ಹೋಗುವರು, ಸಂಜೆ ಬಂದು ಚೆನ್ನಾಗಿ ಊಟ ಮಾಡುವರು.

ಒಂದು ದಿನ ಸಾರಕ್ಕಿ ತಿರುವಿನಲ್ಲಿ, ಗಾಡಿ ಓಡುತ್ತಿರುವಾಗಲೇ ಅವರು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರು. ಇವರು ಎಡಗೈಯಲ್ಲಿ ಸೆರಗು ಸೇರಿಸಿ ರಟ್ಟೆ ಹಿಡಿದೆಳೆದು ಬ್ರೇಕ್ ಒತ್ತಿದರು. ಹಿಂದೆ ಹೇರಿದ್ದ ಎರಡು ಕಿಟಕಿಯ ಗಾಜು ಪುಡಿಯಾಯಿತು. ಅತ್ತೆಗೆ ಏನೂ ಆಗಲಿಲ್ಲ. ಸಂಜೆ ಇವರು ಊಟಕ್ಕೆ ಕೂತರು.

“ನಾಳೆ ಆ ಬಾಗಿಲಿಗೆ ಹೊರಗಡೆ ಒಂದು ಚಿಲಕ ಹಾಕಿಸ್ಬಿಡ್ತೀನಿ” ಅಂದರು.

“ರೀ, ಅಮ್ಮನ್ನ ಕೂರಿಸಿ ಹೊರಗಿಂದ ಚಿಲಕ ಹಾಕ್ತೀರಾ? ಕುರಿ ಸಾಗಿಸೋ ಹಾಗೆ?”

“ಮತ್ತೇನು ಮಾಡ್ಲಿ ಹೇಳು. ಒಳಗಿನ ಲಾಕ್ ಒತ್ತಿದ್ರೆ ಅವರೇ ಎತ್ಕೋತಾರೆ.”

ಆ ಚಿಲಕ ಬೀಳಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಆ ಗಾಡಿ ಹೊರದೇಶದಿಂದ ಯಾವುದೋ ಯೋಜನೆಯ ಕಚೇರಿಗೆ ಬಂದು, ವರ್ಷಗಟ್ಟಲೆ ಮಳೆಯಲ್ಲಿ ನಿಂತು, ಹರಾಜಿನಲ್ಲಿ ನಮಗೆ ಸಿಕ್ಕಿದ್ದು. ಎರಡೂ ಬಾಗಿಲಲ್ಲಿ ಬೀಗದ ಚಿತ್ರವಿದ್ದ ಪುಟ್ಟ ಸ್ವಿಚ್ಚುಗಳಿದ್ದವು. ಒತ್ತಿದರೆ ಬಾಗಿಲು ತಾನೇ ಲಾಕ್ ಆಗಬೇಕಿತ್ತಂತೆ. ಒಳಗಿನ ಮೋಟರು ತುಕ್ಕು ಹಿಡಿದು ಸತ್ತಿತ್ತು, ಅದಕ್ಕೆ ಅಪ್ಪಣೆ ಕೊಡುವ ಡಬ್ಬಿಯನ್ನು ಯಾರೋ ಕಿತ್ತಿದ್ದರು. ಸ್ವಿಚ್ಚುಗಳೂ ತಂತಿಗಳೂ ಮಾತ್ರ ಹಾಗೇ ಇದ್ದವು. ಡ್ರೈವರ್ ಕಡೆಯ ಸ್ವಿಚ್ಚು ಇವರ ಬಲಮೊಣಕೈ ಪಕ್ಕದಲ್ಲೇ ಇತ್ತು, ಅಲ್ಲಿಗೆ ಅತ್ತೆಯ ಕೈ ಹೋಗುತ್ತಿರಲಿಲ್ಲ.

ಜೆ.ಸಿ. ರಸ್ತೆಯಲ್ಲಿ ಹುಡುಕಿದಾಗ ಒಂದು ಅಂಗಡಿಯಲ್ಲಿ ಹೊರಗಿನಿಂದ ತರಿಸಿದ ಕಿಟ್ ಸಿಕ್ಕಿತು. ಎರಡು ಮೋಟರು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ, ಒಂದು ಹಿಡಿ ತಂತಿ. ಜೊತೆಗಿದ್ದ ಕಾಗದದಲ್ಲಿ ಓದಲು ಬರುವಂಥದ್ದು ಚಿತ್ರ ಮಾತ್ರ. ಅದನ್ನು ನಮ್ಮ ಬಡಾವಣೆಯ ಗಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ.

“ಮೇಡಂ, ಕಂಪನಿ ಸ್ವಿಚ್ಚೇ ಬೇರೆ, ಈ ಕಿಟ್ಟೇ ಬೇರೆ. ಒಂದಕ್ಕೊಂದು ಸೇರಲ್ಲ. ಡ್ಯಾಶ್‌ಬೋರ್ಡ್ ಮೇಲೆ ಹೊಸ ಸ್ವಿಚ್ ಹಾಕ್ಕೊಡ್ತೀನಿ, ಹತ್ತು ನಿಮಿಷದ ಕೆಲಸ.”

“ಡ್ಯಾಶ್‌ಬೋರ್ಡ್ ಮೇಲೆ ಹಾಕಿದ್ರೆ ನಮ್ಮತ್ತೆ ಮುಟ್ಟದೇ ಬಿಡಲ್ಲ ಅಣ್ಣ. ನನಗೆ ಹಳೇ ಸ್ವಿಚ್ಚೇ ಬೇಕು.”

“ಹಾಗಾದ್ರೆ ನೀವೇ ಮಾಡ್ಕೊಳ್ಳಿ” ಎಂದು ಆತ ನಕ್ಕ. ಕೋಪದಿಂದ ಅಂದದ್ದಲ್ಲ. ನಾನು ಮಾತ್ರ ಆ ಮಾತನ್ನು ನಿಜವೆಂದೇ ತೆಗೆದುಕೊಂಡೆ. ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ನನ್ನ ಕೆಲಸವೇ ತಂತಿ ಬೆಸೆಯುವುದು. ಸೇರಿದ ಹೊಸದರಲ್ಲಿ ಅತ್ತೆ, ಅದು ಹೆಂಗಸರ ಕೆಲಸವಲ್ಲ ಎಂದು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು.

ಭಾನುವಾರ ಮನೆ ಮುಂದೆ ಗಾಡಿ ನಿಲ್ಲಿಸಿ ಎಡಬಾಗಿಲಿನ ಒಳಹಲಗೆ ಬಿಚ್ಚಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, “ಏನಮ್ಮಾ, ಮನೇಲಿ ಗಂಡಸರಿಲ್ವಾ, ನೀನು ಬಂದಿದೀಯಲ್ಲ ರಿಪೇರಿಗೆ?” ಅಂದರು. ನನ್ನನ್ನು ಯಾರೋ ಕೆಲಸದವಳು ಅಂದುಕೊಂಡಿದ್ದರು.

“ಇದಾರೆ ಅಮ್ಮ. ಅವರಿಗೆ ಈ ಕೆಲಸ ಬರಲ್ಲ.”

“ಪಾಪ. ಆಮೇಲೆ ಕಾಫಿ ಕುಡ್ಕೊಂಡು ಹೋಗು.”

ಸತ್ತ ಮೋಟರು ತೆಗೆದು ಹೊಸದನ್ನು ಕೂರಿಸಲು, ಅದರ ಕಡ್ಡಿಯನ್ನು ಬೀಗದ ಕಡ್ಡಿಗೆ ಸೇರಿಸಲು ಮಧ್ಯಾಹ್ನವಾಯಿತು. ಡಬ್ಬಿ ಯಾಕೆ, ಮೋಟರನ್ನು ನೇರವಾಗಿ ಸ್ವಿಚ್ಚಿಗೇ ಸೇರಿಸೋಣ ಎಂದು ಸೇರಿಸಿದೆ. ಮೋಟರು ಅರ್ಧ ಎಳೆದು ನಿಂತಿತು, ಸ್ವಿಚ್ಚಿನ ತೆಳ್ಳನೆಯ ತಂತಿಯಿಂದ ಸುಟ್ಟ ವಾಸನೆ ಬಂತು. ತಕ್ಷಣ ಕಿತ್ತೆ. ಆ ಸ್ವಿಚ್ಚು ಅಪ್ಪಣೆ ಕೊಡುವುದಕ್ಕೆ ಮಾತ್ರ, ಭಾರ ಹೊರುವುದಕ್ಕಲ್ಲ ಎಂದು ತಿಳಿಯಿತು. ಆಮೇಲೆ ಸ್ವಿಚ್ಚನ್ನು ಡಬ್ಬಿಗೆ, ಡಬ್ಬಿಯನ್ನು ಮೋಟರಿಗೆ ಜೋಡಿಸಿದೆ. ಒತ್ತಿದರೆ ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ. ಸಂಜೆಯಾಯಿತು. ಇವರು ಬಂದು ನೋಡಿ, “ಹೋಗ್ಲಿ ಬಿಡು, ಚಿಲಕಾನೇ ಹಾಕಿಸೋಣ” ಅಂದರು.

“ಇನ್ನೊಂದು ವಾರ ಕೊಡಿ” ಅಂದೆ. ಆ ವಾರ ಇವರು ಅತ್ತೆಯ ಸೊಂಟದ ಸುತ್ತ ಒಂದು ಹಳೆಯ ಪಂಚೆ ಕಟ್ಟಿ ಸೀಟಿಗೆ ಬಿಗಿದರು. ಅತ್ತೆ ದಾರಿಯುದ್ದಕ್ಕೂ ಅದರ ಗಂಟು ಬಿಚ್ಚುತ್ತಲೇ ಇದ್ದರಂತೆ.

ಬುಧವಾರ ಕಾರ್ಖಾನೆಯಲ್ಲಿ ಒಂದು ರಿಲೇ ಬೋರ್ಡು ಬೆಸೆಯುತ್ತಿದ್ದೆ. ಸಾವಿರ ಸಲ ಮಾಡಿದ ಕೆಲಸ. ರಿಲೇ ಅಂದರೆ ಸಣ್ಣ ಅಪ್ಪಣೆ ಸಿಕ್ಕರೆ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು, ನಮ್ಮ ಡಬ್ಬಿಯೊಳಗೂ ಇದ್ದದ್ದು ಅದೇ. ಆ ಬೋರ್ಡಿನಲ್ಲಿ ರಿಲೇಗೆ ಕರೆಂಟು ಮೊದಲೇ ಬಂದು ನಿಂತಿರುತ್ತದೆ, ಗುಂಡಿ ಒತ್ತಿದಾಗ ಸಿಗುವುದು ಅರ್ತ್, ಅಂದರೆ ಕರೆಂಟು ವಾಪಸು ಹೋಗುವ ದಾರಿ. ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದು ಹಾಗೇ ಕೂತೆ. ಗಾಡಿಯ ಸ್ವಿಚ್ಚು ಬ್ಯಾಟರಿಯ ಕರೆಂಟು ಕಳಿಸುತ್ತಿತ್ತು. ಡಬ್ಬಿ ಕೇಳುತ್ತಿದ್ದುದು ಅರ್ತ್ ಇರಬಹುದಲ್ಲ? ಪಕ್ಕದ ಮೇಜಿನವಳು, “ಏನ್ರೀ, ಹುಷಾರಿಲ್ವಾ?” ಎಂದು ಕೇಳಿದಳು.

ಆ ಸಂಜೆ ಬಸ್ಸಿಳಿದವಳು ಸೀರೆ ಕೂಡ ಬದಲಾಯಿಸಲಿಲ್ಲ. ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆದು, ಸ್ವಿಚ್ಚಿಗೆ ಕರೆಂಟು ತರುವ ತಂತಿ ಯಾವುದೆಂದು ಹುಡುಕಿದೆ. ಸಿಕ್ಕಿತು. ಅದನ್ನು ಕತ್ತರಿಸಿ, ಬ್ಯಾಟರಿ ಕಡೆಯ ತುದಿಗೆ ಟೇಪು ಸುತ್ತಿದೆ. ಸ್ವಿಚ್ಚಿನ ಕಡೆಯ ತುದಿಗೆ ಅರ್ತ್ ಸಿಗಲೆಂದು ಅದನ್ನು ಗಾಡಿಯ ಕಬ್ಬಿಣದ ಮೈಗೆ ಸ್ಕ್ರೂ ಹಾಕಿ ಬಿಗಿದೆ. ಒತ್ತಿದೆ. ಎಡಬಾಗಿಲು ಟಕ್ ಎಂದು ಲಾಕಾಯಿತು. ಸ್ವಿಚ್ಚಿನ ಇನ್ನೊಂದು ತುದಿ ಒತ್ತಿದೆ, ಲಾಕ್ ಬಿಟ್ಟಿತು. ಇವರನ್ನು ಕೂಗಿ ಕರೆದೆ. ಹತ್ತು ಸಲ ಅವರೂ ಒತ್ತಿದರು.

“ನಾನು ಅಮ್ಮನ್ನ ಕೂಡಿಹಾಕಿದ ಹಾಗೇ ಆಯ್ತಲ್ವಾ, ಇದೂನೂ?” ಎಂದು ಆಮೇಲೆ ಮೆಲ್ಲಗೆ ಕೇಳಿದರು.

ಹೌದು, ಆಗಿತ್ತು. ಅದಕ್ಕೇ, ಕರೆಂಟು ಕೈಕೊಟ್ಟರೂ ಅವರನ್ನು ಹೊರಗೆ ಇಳಿಸಲು ಆಗಬೇಕೆಂದು, ಬ್ಯಾಟರಿಯ ತಂತಿ ಬಿಚ್ಚಿಟ್ಟು, ಹೊರಗಿನಿಂದ ಬೀಗದ ಕೈ ಹಾಕಿದರೆ ಎಡಬಾಗಿಲು ತೆರೆಯುತ್ತದೆಯೇ ಎಂದು ನೋಡಿದೆ. ತೆರೆಯಿತು. ಒಂದು ಬೀಗದ ಕೈಯನ್ನು ಇವರ ಉಡಿದಾರಕ್ಕೆ ಕಟ್ಟಿಸಿದೆ, ಇನ್ನೊಂದನ್ನು ಮರದ ಅಂಗಡಿಯಲ್ಲಿ ಕೊಡಿಸಿದೆ. ಅತ್ತೆ ಕೈಯಲ್ಲಿ ಎತ್ತುತ್ತಿದ್ದ ಒಳಲಾಕಿನ ಗುಂಡಿಯನ್ನು ಆಮೇಲೆ ಬಿಚ್ಚಿದೆ.

ಮರುದಿನ ರಜೆ ಹಾಕಿ ನಾನೂ ಗಾಡಿಯಲ್ಲಿ ಹೋದೆ, ಇಬ್ಬರ ನಡುವೆ ಕೂತು. ಅತ್ತೆ ಹಿಡಿ ಎಳೆದು ನೋಡಿದರು, ಬಾಗಿಲು ಬರಲಿಲ್ಲ. ಅಲ್ಲಿ ಇಲ್ಲಿ ತಡಕಿದರು. ಜಯನಗರ ದಾಟುವಷ್ಟರಲ್ಲಿ ಅವರ ಕೈ ತಮ್ಮ ಕಡೆಯ ಸ್ವಿಚ್ಚಿಗೆ ಹೋಯಿತು, ಲಾಕ್ ಟಕ್ ಎಂದು ಬಿಟ್ಟಿತು, ಹಿಡಿ ಎಳೆದೊಡನೆ ಬಾಗಿಲು ತೆರೆದುಕೊಂಡಿತು. ಆ ಸ್ವಿಚ್ಚನ್ನು ನಾನು ಮರೆತೇ ಬಿಟ್ಟಿದ್ದೆ. ನಾನೇ ಅವರನ್ನು ತಬ್ಬಿ ಹಿಡಿದೆ, ಇವರು ಗಾಡಿ ಪಕ್ಕಕ್ಕೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸಿತು.

ರಸ್ತೆ ಪಕ್ಕದಲ್ಲೇ ಆ ಸ್ವಿಚ್ಚನ್ನು ಕಿತ್ತೆ. ಎರಡೂ ತಂತಿ ಕತ್ತರಿಸುವವಳಿದ್ದೆ. ಅತ್ತೆ ನನ್ನ ಕೈ ಹಿಡಿದು, “ನಂದು ಅದು” ಅಂದರು. ನೋಡಿದೆ, ಯೋಚಿಸಿದೆ, ತೆರೆಯುವ ತಂತಿಯನ್ನು ಮಾತ್ರ ಕತ್ತರಿಸಿದೆ. ಲಾಕ್ ಮಾಡುವ ತಂತಿ ಇಟ್ಟು ಸ್ವಿಚ್ಚನ್ನು ವಾಪಸು ಕೂರಿಸಿದೆ. ಒತ್ತಿದರು, ಟಕ್ ಎಂದಿತು. ಹಿಡಿ ಎಳೆದು ಗಟ್ಟಿಯಾಗಿದೆ ಎಂದು ನೋಡಿಕೊಂಡರು. ಮನೆಯಲ್ಲಿ ದಿನಾ ಮಲಗುವ ಮುಂಚೆ ಅಗುಳಿ ನೋಡುತ್ತಿದ್ದ ಹೆಂಗಸು ಅವರು. ಅಂದಿನಿಂದ ಗಾಡಿ ಹತ್ತಿದ ಕೂಡಲೇ ತಾವೇ ಒತ್ತಿ, “ಬಾಗಿಲು ಹಾಕಿದೀನಿ, ನಡಿ ಅಪ್ಪ” ಎಂದು ಮಗನಿಗೆ ಹೇಳತೊಡಗಿದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಓಡಾಡಿದರು. ಉತ್ತರಹಳ್ಳಿ ಕಡೆ ಹೋದಾಗ ಇವರು ಗಾಡಿ ನಿಲ್ಲಿಸಿ ಎಳನೀರು ಕುಡಿಸುತ್ತಿದ್ದರು. ಆ ಎಲೆಕ್ಟ್ರಿಷಿಯನ್ ಒಂದು ದಿನ ಮನೆಗೇ ಬಂದು, “ಹೇಗೆ ಸೇರಿಸಿದ್ರಿ, ಸ್ವಲ್ಪ ತೋರ್ಸಿ ಮೇಡಂ” ಎಂದ. ಹಲಗೆ ಬಿಚ್ಚಿ ತೋರಿಸಿದೆ, ಕಾಗದದಲ್ಲಿ ಬರೆದೂ ಕೊಟ್ಟೆ.

ಒಂದು ಬೆಳಿಗ್ಗೆ ಇವರು ಕೈ ಹಿಡಿದು ಹತ್ತಿಸಲು ಹೋದಾಗ ಅತ್ತೆ, “ಇವತ್ತು ಬೇಡಪ್ಪ, ಕಾಲು ನೋಯುತ್ತೆ” ಅಂದರು. ಮರುದಿನವೂ ಬೇಡ ಅಂದರು. ಆಮೇಲೆ ಅವರು ಮನೆ ಬಿಟ್ಟು ಹೋಗಬೇಕೆಂದು ಕೇಳಲೇ ಇಲ್ಲ. ನಾನು ಕಾರ್ಖಾನೆಯಲ್ಲಿ ಬರೆದುಕೊಟ್ಟು ಮಧ್ಯಾಹ್ನದ ಪಾಳಿ ತೆಗೆದುಕೊಂಡೆ. ಬೆಳಗಿನ ಹೊತ್ತು ನಾನು, ಎರಡರ ಮೇಲೆ ಇವರು. ಹಾಗೆ ಎಂಟು ತಿಂಗಳು, ಅವರು ಕಣ್ಣು ಮುಚ್ಚುವ ತನಕ, ನೋಡಿಕೊಂಡೆವು.